ಗಂಟಿನಲ್ಲಿದ್ದವು ಹತ್ತೇ ಬೀಜ

‘ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ’ ಅಂತಾರಲ್ಲ, ಎರಡು ವರ್ಷದಿಂದ ನನ್ನದು ಅದೇ ಪಾಡು. ಮದುವೆ ಮನೆಯಲ್ಲಿ ಯಾರೋ ಯಾರಿಗೋ ‘ಈಗಿನ ಮಕ್ಕಳಿಗೆ ಕೆಲಸ ಎಲ್ಲಿದೆ ಬಿಡಿ’ ಅಂದರೂ ಸಾಕು, ನಾನು ಎಲೆಯ ಮೇಲಿನ ಪಲ್ಯ ನೋಡುತ್ತಾ ತಲೆ ತಗ್ಗಿಸುತ್ತೇನೆ. ಎಂ.ಕಾಂ. ಮುಗಿದಿದೆ. ಬ್ಯಾಂಕ್ ಪರೀಕ್ಷೆ ಬರೆಯುತ್ತಲೇ ಇದ್ದೇನೆ. ಒಂದು ಸಲ ಪ್ರಿಲಿಮ್ಸ್ ಪಾಸಾಗಿ, ಮೇನ್ಸ್‌ನಲ್ಲಿ ಒಂದೂವರೆ ಅಂಕಕ್ಕೆ ಕೈತಪ್ಪಿತು.

ನಮ್ಮೂರು ಹೊಸಕೋಟೆ ತಾಲ್ಲೂಕಿನ ಸಮೇತನಹಳ್ಳಿ. ಇತ್ತ ರಾಗಿ ಹೊಲ, ಅತ್ತ ಸ್ವಲ್ಪ ದೂರಕ್ಕೆ ವೈಟ್‌ಫೀಲ್ಡ್‌ನ ಕಂಪನಿಗಳು. 2023ರ ಮಾರ್ಚ್‌ನಲ್ಲಿ ಕೆ.ಆರ್. ಪುರದಿಂದ ವೈಟ್‌ಫೀಲ್ಡ್‌ವರೆಗೆ ಮೆಟ್ರೊ ಓಡಾಟ ಶುರುವಾಯಿತು. ಆಮೇಲೆ ನಮ್ಮ ಬೀದಿಯಲ್ಲೂ ‘ರೂಮ್ ಖಾಲಿ ಇದೆಯಾ’ ಅಂತ ಕೇಳಿಕೊಂಡು ಬರುವವರು ಕಾಣಿಸತೊಡಗಿದರು. ಅಪ್ಪ ಲೆಕ್ಕ ಹಾಕಿದರು. ಹಿತ್ತಲಲ್ಲಿ ನಾಲ್ಕು ರೂಮ್ ಕಟ್ಟಿ ಬಾಡಿಗೆಗೆ ಕೊಡುವುದು.

‘ನಿಂಗೆ ಕೆಲಸ ಸಿಗೋವರೆಗೂ ಮನೆ ನಡೀಬೇಕಲ್ಲಮ್ಮ’ ಅಂದರು. ಬೈಗುಳವೇನಲ್ಲ, ಮೆಲ್ಲಗೇ ಹೇಳಿದ್ದು. ಆದರೂ ಅವತ್ತು ರಾತ್ರಿ ನನಗೆ ಊಟ ಸೇರಲಿಲ್ಲ. ಆ ಹಿತ್ತಲು ಅಜ್ಜಿಯದು. ಅಜ್ಜಿ ಹೋಗಿ ಎರಡು ವರ್ಷವಾಗಿತ್ತು. ನನಗೆ ಕೆಲಸ ಸಿಕ್ಕಿದ್ದಿದ್ದರೆ ಹಿತ್ತಲು ಉಳಿಯುತ್ತಿತ್ತೇನೋ ಅನ್ನೋ ಯೋಚನೆ ಬಿಡಲೇ ಇಲ್ಲ.

ಮೇ ಕೊನೆಯಲ್ಲಿ ಅಟ್ಟ ಖಾಲಿ ಮಾಡುವಾಗ ಒಂದು ಹಳೇ ಡಬ್ಬಿ ಸಿಕ್ಕಿತು. ಒಳಗೆ ಸೀರೆ ಚೂರಿನ ಗಂಟು. ಬಿಚ್ಚಿದರೆ ಬೂದಿ ಸವರಿದ ಸಿಹಿಗುಂಬಳದ ಬೀಜ. ಎಣಿಸಿದೆ, ಹತ್ತೇ ಹತ್ತು. ‘ಬೀಜ ತಾನೇ, ಹೆಸರಘಟ್ಟದಲ್ಲಿ ಬೇಕಾದಷ್ಟು ಸಿಗುತ್ತೆ’ ಅಂದ ತಮ್ಮ. ನಿಜವೇ. ಅಲ್ಲಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ‘ಅರ್ಕಾ ಚಂದನ್’ ಅನ್ನೋ ಒಳ್ಳೇ ತಳಿ ಕೊಟ್ಟಿದ್ದಾರೆ, ಕಾಯಿ 2ರಿಂದ 3 ಕಿಲೋ ತೂಗುತ್ತದೆ. ಆದರೆ ಅಜ್ಜಿಯ ಕುಂಬಳ ಬೇರೆಯೇ. ಆಳವಾದ ಗೆರೆಗಳು, ಚಪ್ಪಟೆ ಮೈ, ಎತ್ತಿಕೊಂಡರೆ ಸೊಂಟಕ್ಕೆ ಒರಗುವಷ್ಟು ದೊಡ್ಡದು. ಅದು ಎಲ್ಲೂ ಪ್ಯಾಕೆಟ್‌ನಲ್ಲಿ ಸಿಗುವುದಿಲ್ಲ.

‘ಅಪ್ಪಾ, ಇದೊಂದು ಮಳೆಗಾಲ ಬಿಡಿ’ ಅಂದೆ. ‘ಆಯ್ತು, ದೀಪಾವಳಿ ಆದ್ಮೇಲೆ ಪಾಯ ತೋಡಿಸ್ತೀನಿ’ ಅಂದರು. ಸಿಹಿಗುಂಬಳಕ್ಕೆ ಬಿತ್ತಿದ ದಿನದಿಂದ ಸುಮಾರು 120 ದಿನ ಬೇಕು. ಲೆಕ್ಕ ಸರಿಹೋಯಿತು.

ರೋಹಿಣಿ ಮಳೆ ಬಿದ್ದ ಮಾರನೇ ದಿನ ಒಂದೂವರೆ ಅಡಿ ಗುಂಡಿ ತೋಡಿ, ಕೆಮ್ಮಣ್ಣಿಗೆ ಹಳೇ ತಿಪ್ಪೆಗೊಬ್ಬರ ಬೆರೆಸಿ ತುಂಬಿದೆ. ರಾತ್ರಿ ನೆನೆಸಿದ 6 ಬೀಜ ಒಂದಿಂಚು ಆಳಕ್ಕೆ ಹಾಕಿದೆ. ಉಳಿದ 4 ಮತ್ತೆ ಗಂಟಿಗೆ. ಪರೀಕ್ಷೆ ಬರೆದು ಬರೆದು ಕಲಿತ ಬುದ್ಧಿ, ಎಲ್ಲವನ್ನೂ ಒಂದೇ ಅಟೆಂಪ್ಟ್‌ಗೆ ಖರ್ಚು ಮಾಡಬಾರದು.

ವಾರದೊಳಗೆ 5 ಮೊಳೆತವು. ಖುಷಿ ನಾಲ್ಕು ದಿನವೂ ಇರಲಿಲ್ಲ. ಕೆಂಪು ದುಂಬಿ ಬಂದು ಎರಡು ಸಸಿಯ ಎಳೆ ಎಲೆಗಳನ್ನು ಜಾಲರಿ ಮಾಡಿಟ್ಟಿತು. ಪಕ್ಕದ ಮನೆಯ ಕರು ಇನ್ನೊಂದನ್ನು ತುಳಿಯಿತು. ಉಳಿದ ಎರಡಕ್ಕೆ ಬೆಳಗಿನ ಇಬ್ಬನಿ ಆರುವ ಮೊದಲೇ ಒಲೆ ಬೂದಿ ಉದುರಿಸಿದೆ. ದುಂಬಿ ದೂರವಾಯಿತು.

ಜುಲೈನಲ್ಲಿ ಹಳದಿ ಹೂಗಳು ಬಂದವು. ಒಂದೇ ವಾರದಲ್ಲಿ 14 ಎಣಿಸಿದೆ. ಹದಿನಾಲ್ಕೂ ಉದುರಿದವು! ಅಳು ಬರೋದೊಂದು ಬಾಕಿ. ಪಕ್ಕದ ಮನೆ ದೊಡ್ಡಮ್ಮ ಬೇಲಿಯಾಚೆಯಿಂದ ನಕ್ಕರು. ‘ಅಯ್ಯೋ ಹುಚ್ಚಿ, ಅವೆಲ್ಲ ಗಂಡು ಹೂ ಕಣೇ. ಮೊದ್ಲು ಬರೋದೇ ಅವು. ಹೆಣ್ಣು ಹೂವಿಗೆ ಬುಡದಲ್ಲೇ ಗೋಲಿಯಷ್ಟು ಹೀಚು ಇರುತ್ತೆ, ನೋಡ್ತಿರು.’

ಹತ್ತು ದಿನ ಕಳೆದು ಹೀಚು ಹೊತ್ತ ಹೂ ಬಂತು. ಅದೂ ಹಳದಿಯಾಗಿ ಉದುರಿತು. ಮತ್ತೆರಡು ಹಾಗೆಯೇ ಆದವು. ಕುಂಬಳದ ಹೂ ಅರಳೋದು ಒಂದೇ ಬೆಳಗ್ಗೆ. ಬಿಸಿಲೇರುವ ಹೊತ್ತಿಗೆ ಮುದುಡಿಕೊಳ್ಳುತ್ತದೆ. ಆ ಎರಡು ಮೂರು ಗಂಟೆಯೊಳಗೆ ಗಂಡು ಹೂವಿನ ಪರಾಗವನ್ನು ಜೇನ್ನೊಣ ತಂದು ಮುಟ್ಟಿಸದಿದ್ದರೆ ಹೀಚು ಬಾಡುತ್ತದೆ. ಸುತ್ತ ಲೇಔಟ್ ಎದ್ದಿರುವ ನಮ್ಮ ಹಿತ್ತಲಿಗೆ ಜೇನು ಬರುವುದೇ ಅಪರೂಪ. ಬಂದರೂ ಇನ್ನೊಂದು ತೊಂದರೆ ಇತ್ತು. ದೊಡ್ಡಮ್ಮನ ತಿಪ್ಪೆಯ ಮೇಲೆ ಅಂಗಡಿ ಕುಂಬಳದ ಬಳ್ಳಿ ತಾನೇ ಹುಟ್ಟಿಕೊಂಡಿತ್ತು. ಅದರ ಪರಾಗ ಇದಕ್ಕೆ ಬಿದ್ದರೂ ಕಾಯಿಯೇನೋ ಅಜ್ಜಿಯದೇ ಥರ ಇರುತ್ತದೆ, ಒಳಗಿನ ಬೀಜ ಮಾತ್ರ ಬೆರಕೆ. ಅದು ಗೊತ್ತಾಗೋದು ಮುಂದಿನ ವರ್ಷ ಬಿತ್ತಿದಾಗ. ನಮಗೆ ಮುಂದಿನ ವರ್ಷ ಹಿತ್ತಲೇ ಇಲ್ಲ.

ಹಾಗಾಗಿ ಆ ಕೆಲಸ ನಾನೇ ಮಾಡಬೇಕಾಯಿತು. ನಾಳೆ ಅರಳಲಿರುವ ಮೊಗ್ಗಿನ ತುದಿ ಹಿಂದಿನ ಸಂಜೆಯೇ ಹಳದಿ ತಿರುಗಿರುತ್ತದೆ. ಅಂಥ ಗಂಡು, ಹೆಣ್ಣು ಎರಡೂ ಮೊಗ್ಗುಗಳ ಬಾಯಿಗೆ ದಾರ ಕಟ್ಟುವುದು. ಬೆಳಗ್ಗೆ ಆರಕ್ಕೆ ಗಂಡು ಹೂ ಕಿತ್ತು, ಎಸಳು ತೆಗೆದು, ಅದರ ಪುಡಿಯನ್ನು ಹೆಣ್ಣು ಹೂವಿನ ನಡುವಿನ ಗಂಟಿಗೆ ಮೆತ್ತಗೆ ಸವರುವುದು. ಮತ್ತೆ ಹೆಣ್ಣು ಹೂವಿಗೆ ದಾರ. ಐದಕ್ಕೆದ್ದು ರೀಸನಿಂಗ್ ಲೆಕ್ಕ ಮಾಡುವುದು, ಆರಕ್ಕೆ ಹಿತ್ತಲಿಗೆ ಹೋಗುವುದು ದಿನಚರಿಯಾಯಿತು. ಮಳೆ ಹಿಡಿದ ಬೆಳಗ್ಗೆ ಒಂದು ಕೈಯಲ್ಲಿ ಕೊಡೆ ಹಿಡಿದು ಇನ್ನೊಂದು ಕೈಯಲ್ಲಿ ಹೂ ಸವರಿದ್ದೂ ಉಂಟು. 7 ಹೂಗಳಿಗೆ ಮಾಡಿದೆ, 4 ಕಾಯಿ ಕಚ್ಚಿತು. ಹಣ್ಣುನೊಣ ಎಳೆಕಾಯಿಗೆ ಚುಚ್ಚಿ ಮೊಟ್ಟೆ ಇಟ್ಟರೆ ಕಾಯಿ ಕೊಳೆಯುತ್ತದೆ. ಅದಕ್ಕೆ ಮಾಕ್ ಟೆಸ್ಟ್ ಪೇಪರ್ ಸುತ್ತಿದೆ, ಮಳೆಗೆ ಕರಗಿತು. ಕೊನೆಗೆ ಅಜ್ಜಿಯ ಹಳೇ ಸೀರೆಯಲ್ಲೇ ಚೀಲ ಹೊಲಿದು ತೊಡಿಸಿದೆ.

ಈ ನಡುವೆ ಓದುತ್ತಾ ಒಂದು ವಿಷಯ ತಿಳಿಯಿತು. ಬೂದುಗುಂಬಳ ಏಷ್ಯಾದ್ದೇ. ನಾವು ‘ನಾಟಿ’ ಅನ್ನೋ ಸಿಹಿಗುಂಬಳ ಮಾತ್ರ ಅಮೆರಿಕ ಖಂಡದಿಂದ ಬಂದದ್ದು. ಮೆಣಸಿನಕಾಯಿ, ಆಲೂಗಡ್ಡೆಯ ಹಾಗೆ ಅದೂ ಪರದೇಶಿ. ಯಾರೋ ವರ್ಷ ವರ್ಷ ಒಂದು ಕಾಯಿ ಎತ್ತಿಟ್ಟು ಬೀಜ ಮಾಡಿದ್ದಕ್ಕೇ ಅದು ನಮ್ಮದಾಗಿದೆ. ನಮ್ಮನೆಯಲ್ಲಿ ಅಷ್ಟು ಕಾಲ ಎತ್ತಿಟ್ಟವರು ಅಜ್ಜಿ. ಎರಡು ಮಳೆಗಾಲ ನಾವು ಯಾರೂ ಆ ಕಡೆ ನೋಡಿರಲಿಲ್ಲ. ಇನ್ನೆರಡು ವರ್ಷ ಬಿಟ್ಟಿದ್ದರೆ ಆ ಹತ್ತೂ ಮೊಳೆಯುತ್ತಿದ್ದವೋ ಇಲ್ಲವೋ.

ಮಹಾಲಯ ಅಮಾವಾಸ್ಯೆಯ ಹೊತ್ತಿಗೆ ತೊಟ್ಟು ಒಣಗಿ ಬೆಂಡಿನಂತಾಯಿತು. ಉಗುರು ಚುಚ್ಚಿದರೆ ಇಳಿಯಲಿಲ್ಲ. ಬಲಿತಿದೆ ಅಂತ ಅರ್ಥ. ಮೊದಲ ಕಾಯಿ ಹಿರಿಯರ ಎಡೆಗೆ. ಅಮ್ಮ ಬೆಲ್ಲ ಹಾಕಿ ಪಲ್ಯ ಮಾಡಿ ಅಜ್ಜಿಯ ಫೋಟೊ ಮುಂದೆ ಎಲೆಯಲ್ಲಿ ಬಡಿಸಿದರು. ಅಪ್ಪ ಒಂದು ತುತ್ತು ಬಾಯಿಗಿಟ್ಟವರು ‘ಅದೇ ರುಚಿ’ ಅಂದು ಎದ್ದು ಆಚೆ ಹೋದರು. ಕೈ ತೊಳೆಯೋಕೆ ಅಷ್ಟು ಹೊತ್ತು ಬೇಕಾಗಿರಲಿಲ್ಲ.

ಎರಡು ಕಾಯಿ ನೆಂಟರಿಗೆ ಹೋದವು. ದೊಡ್ಡದನ್ನು ತಿಂಗಳಿಟ್ಟು ಕೊಯ್ದೆ. 312 ಬೀಜ. ತೊಳೆದು, ನೆರಳಲ್ಲಿ ಒಣಗಿಸಿ, ಬೂದಿ ಸವರಿದೆ. ಹಿತ್ತಲು ಇರುವ ಒಂಬತ್ತು ಮನೆಗಳಿಗೆ ಹಳೇ ಪ್ರಶ್ನೆಪತ್ರಿಕೆಯಲ್ಲಿ ಪೊಟ್ಟಣ ಕಟ್ಟಿ ಕೊಟ್ಟೆ. ‘ಒಂದು ಕಾಯಿ ಬೀಜಕ್ಕೆ ಬಿಡಿ’ ಅನ್ನೋದೊಂದೇ ಷರತ್ತು.

ಇದನ್ನು ಬರೆಯುವಾಗ ಹಿತ್ತಲಲ್ಲಿ ಪಾಯ ತೋಡುತ್ತಿದ್ದಾರೆ. ಸದ್ದಿಗೆ ಓದಲಾಗುತ್ತಿಲ್ಲ, ಬೇಜಾರೂ ಇದೆ. ಕುಂಬಳ ಬೆಳೆದರೆ ಕೆಲಸ ಸಿಗುತ್ತದೆ ಅಂತ ನಾನು ಹೇಳಲಾರೆ, ನನಗಿನ್ನೂ ಸಿಕ್ಕಿಲ್ಲ. ಮುಂದಿನ ಪರೀಕ್ಷೆಗೆ ಅರ್ಜಿ ಹಾಕಿದ್ದೇನೆ. ನಿನ್ನೆ ಅಪ್ಪ ಮೇಸ್ತ್ರಿಯನ್ನು ಕೇಳುತ್ತಿದ್ದುದು ಕಿವಿಗೆ ಬಿತ್ತು. ‘ತಾರಸಿ ಮೇಲೆ ನಾಲ್ಕು ಮಣ್ಣಿನ ಮೂಟೆ ಇಟ್ರೆ ಭಾರ ತಡೆಯುತ್ತಾ?’

ಮೊನ್ನೆ ಹಬ್ಬಕ್ಕೆ ಬಂದ ಮಾವ ಎಂದಿನಂತೆ ಕೇಳಿದರು. ‘ಏನಮ್ಮ, ಕೆಲಸ ಸಿಕ್ತಾ?’

ಈ ಸಲ ಹೆಗಲು ಮುಟ್ಟಿ ನೋಡಿಕೊಳ್ಳಲಿಲ್ಲ. ‘ಇನ್ನೂ ಇಲ್ಲ ಮಾವ, ಓದ್ತಿದ್ದೀನಿ. ಕುಂಬಳದ ಬೀಜ ಬೇಕಾ?’ ಅಂದೆ.

ಆರು ಬೀಜ ತಗೊಂಡು ಹೋದರು.