ಮೆದುವಾದ ಓಟ್ಸ್-ಚಾಕೊಲೇಟ್ ಕುಕ್ಕಿ: ಅದರ ಕಥೆಯೂ ಮಾಡುವ ಕ್ರಮವೂ

ಬಿಸ್ಕತ್ತೆಂದರೆ ಕಟುಮ್ಮೆಂದು ಮುರಿಯಬೇಕೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಅದು ತಪ್ಪಲ್ಲ. ಬಿಸ್ಕತ್ತೆಂಬ ಮಾತಿನ ಮೂಲಾರ್ಥವೇ ಎರಡು ಸಲ ಬೇಯಿಸಿದ್ದು ಎಂದು. ಒಣಗಿರುವುದೇ ಅದರ ಗುಣ. ಆದರೆ ಅಮೆರಿಕದವರು ಕುಕ್ಕಿಯೆಂದು ಕರೆಯುವ ತಿನಿಸಿನ ಧರ್ಮವೇ ಬೇರೆ. ಡಚ್ ಭಾಷೆಯಿಂದ ಬಂದ ಈ ಹೆಸರಿಗೆ ಪುಟ್ಟ ಕೇಕು ಎಂಬುದೇ ಅರ್ಥ. ಅಂಚು ತುಸು ಗರಿಗರಿಯಾಗಿಯೂ ನಡುವೆ ಮೆದುವಾಗಿಯೂ ಇದ್ದು, ಹಲ್ಲಿಗೆ ಒಂದಿಷ್ಟು ಎಳೆದಂತಾಗುವುದೇ ಓಟ್ಸ್ ಕುಕ್ಕಿಯ ಸೊಗಸು.

ಈಗ ನಮ್ಮ ಅನೇಕ ಮನೆಗಳಲ್ಲಿ ಓವನ್ನು ಬಂದಿದೆ. ಓಟ್ಸು, ಚಾಕೊಲೇಟಿನ ತುಣುಕುಗಳು ಅಂಗಡಿಯಲ್ಲಿ ದೊರೆಯುತ್ತವೆ. ಮಕ್ಕಳ ಬಯಕೆಯಿಂದ ಈ ತಿನಿಸನ್ನು ಮಾಡಲು ಹೊರಟವರ ಅನುಭವವಾದರೋ ವಿಚಿತ್ರವಾದುದು. ಒಂದು ದಿನ ಮಾಡಿದ್ದು ಕಲ್ಲಾಗುವುದು. ಮತ್ತೊಂದು ದಿನ ಮಾಡಿದ್ದು ತಟ್ಟೆಯ ತುಂಬ ದೋಸೆಯಂತೆ ಹರಡುವುದು. ಆಗ ಕೈಗುಣವೆಂದೋ ಅದೃಷ್ಟವೆಂದೋ ಹೇಳಿ ಸುಮ್ಮನಾಗುವುದುಂಟು. ಆದರೆ ಪಾಕದಲ್ಲಿ ಕಾರಣವಿಲ್ಲದ ಕಾರ್ಯವಿಲ್ಲ. ಕಾರಣವನ್ನು ಬಲ್ಲವರ ಕೈಗೆ ಗುಣವು ತಾನಾಗಿಯೇ ಬರುವುದು.

ಹುಟ್ಟಿದ ಬಗೆ

ಓಟ್ಸ್ ತಂಪು ಹವೆಯ ಧಾನ್ಯ. ಸ್ಕಾಟ್ಲೆಂಡಿನ ಜನರ ಹಳೆಯ ಆಹಾರ. ಇಂಗ್ಲೆಂಡಿನಲ್ಲಿ ಕುದುರೆಗೂ ಸ್ಕಾಟ್ಲೆಂಡಿನಲ್ಲಿ ಮನುಷ್ಯರಿಗೂ ಹಾಕುವ ಧಾನ್ಯವೆಂದು ಡಾಕ್ಟರ್ ಜಾನ್ಸನ್ನರು ೧೭೫೫ರ ತಮ್ಮ ನಿಘಂಟಿನಲ್ಲಿ ಪರಿಹಾಸ ಮಾಡಿದ್ದು ಪ್ರಸಿದ್ಧವಾಗಿದೆ. ವಲಸೆ ಹೋದವರೊಡನೆ ಈ ಧಾನ್ಯವು ಅಮೆರಿಕಕ್ಕೂ ಹೋಯಿತು. ಫ್ಯಾನಿ ಫಾರ್ಮರ್ ಎಂಬಾಕೆ ೧೮೯೬ರಲ್ಲಿ ಪ್ರಕಟಿಸಿದ ಬಾಸ್ಟನ್ ಅಡಿಗೆ ಶಾಲೆಯ ಪುಸ್ತಕದಲ್ಲಿ ಓಟ್ಸ್ ಕುಕ್ಕಿಯ ವಿಧಾನವು ಕಾಣಬರುತ್ತದೆ.

ಚಾಕೊಲೇಟಿನ ತುಣುಕುಗಳು ಕುಕ್ಕಿಯನ್ನು ಸೇರಿದ್ದು ಅದಕ್ಕೂ ಈಚೆಗೆ. ಮ್ಯಾಸಚೂಸೆಟ್ಸ್ ಸಂಸ್ಥಾನದ ವಿಟ್‌ಮನ್ ಎಂಬ ಊರಿನಲ್ಲಿ ರೂತ್ ವೇಕ್‌ಫೀಲ್ಡ್ ಎಂಬ ಮಹಿಳೆಯು ತನ್ನ ಪತಿಯೊಡನೆ ೧೯೩೦ರಿಂದ ‘ಟೋಲ್ ಹೌಸ್’ ಎಂಬ ಭೋಜನಗೃಹವನ್ನು ನಡೆಸುತ್ತಿದ್ದಳು. ಚಾಕೊಲೇಟಿನ ಹಲಗೆಯನ್ನು ಬಟಾಣಿಯ ಗಾತ್ರಕ್ಕೆ ಕತ್ತರಿಸಿ ಹಾಕಿದ ಕುಕ್ಕಿಯ ವಿಧಾನವು ೧೯೩೮ರಲ್ಲಿ ಆಕೆಯ ಅಡಿಗೆಯ ಪುಸ್ತಕದಲ್ಲಿ ಅಚ್ಚಾಯಿತು. ಮರುವರ್ಷ ನೆಸ್ಲೆ ಕಂಪೆನಿಯವರು ಆಕೆಯೊಡನೆ ಒಪ್ಪಂದ ಮಾಡಿಕೊಂಡು ಆ ವಿಧಾನವನ್ನು ತಮ್ಮ ಚಾಕೊಲೇಟಿನ ಹೊದಿಕೆಯ ಮೇಲೆ ಮುದ್ರಿಸಿದರು. ೧೯೯೭ರಲ್ಲಿ ಈ ಕುಕ್ಕಿಯು ಮ್ಯಾಸಚೂಸೆಟ್ಸಿನ ಅಧಿಕೃತ ಕುಕ್ಕಿಯೆಂಬ ಗೌರವವನ್ನೂ ಪಡೆಯಿತು.

ಇದರ ವಿಷಯವಾಗಿ ಒಂದು ಕಟ್ಟುಕಥೆ ಹಬ್ಬಿದೆ. ಚಾಕೊಲೇಟು ಕರಗಿ ಹಿಟ್ಟಿನಲ್ಲೆಲ್ಲ ಬೆರೆಯುವುದೆಂದು ಆಕೆ ನಂಬಿದ್ದಳಂತೆ. ಅದು ಕರಗದೆ ಉಳಿದುದರಿಂದ ಹೊಸ ತಿನಿಸು ಅಕಸ್ಮಾತ್ತಾಗಿ ಹುಟ್ಟಿತಂತೆ! ಆದರೆ ಈ ಮಹಿಳೆ ಫ್ರೇಮಿಂಗ್‌ಹ್ಯಾಮಿನ ಶಿಕ್ಷಕರ ಶಾಲೆಯಲ್ಲಿ ಗೃಹಶಾಸ್ತ್ರವನ್ನು ಓದಿ ೧೯೨೪ರಲ್ಲಿ ತೇರ್ಗಡೆಯಾದವಳು. ಪಥ್ಯಾಹಾರ ತಜ್ಞೆಯಾಗಿ ಕೆಲಸ ಮಾಡಿದವಳು. ಅಂಥವಳು ಚಾಕೊಲೇಟಿನ ಸ್ವಭಾವವನ್ನು ಅರಿಯದೆ ಇದ್ದಳೆಂಬುದನ್ನು ನಂಬುವುದು ಕಷ್ಟ. ಗಂಡಸು ಪ್ರಯೋಗಶಾಲೆಯಲ್ಲಿ ಕಂಡುಹಿಡಿದರೆ ಅದು ಬುದ್ಧಿ, ಹೆಂಗಸು ಅಡಿಗೆಮನೆಯಲ್ಲಿ ಕಂಡುಹಿಡಿದರೆ ಅದು ಅದೃಷ್ಟ ಎಂದು ಹೇಳುವ ಹಳೆಯ ಚಾಳಿಯೇ ಈ ಕಥೆಯನ್ನು ಬೆಳೆಸಿರಬೇಕು. ಆಕೆಯ ಕುಕ್ಕಿಯಾದರೋ ಪುಟ್ಟದಾಗಿ ಗರಿಗರಿಯಾಗಿತ್ತು. ಅದನ್ನು ಓಟ್ಸಿನೊಡನೆ ಕೂಡಿಸಿ ಮೆದುಮಾಡಿಕೊಂಡದ್ದು ಗೃಹಿಣಿಯರ ಕೈ.

ಬೇಕಾಗುವ ಸಾಮಾನು

ಸುಮಾರು ೨೨ ಕುಕ್ಕಿಗಳಿಗೆ: ಬೆಣ್ಣೆ ೧೧೫ ಗ್ರಾಂ, ಕಂದು ಸಕ್ಕರೆ ೧೧೦ ಗ್ರಾಂ, ಬಿಳಿ ಸಕ್ಕರೆ ೪೦ ಗ್ರಾಂ, ಕೋಳಿಮೊಟ್ಟೆ ೧, ವೆನಿಲ್ಲಾ ೧ ಚಹಾ ಚಮಚ, ಮೈದಾ ೯೫ ಗ್ರಾಂ, ಅಡಿಗೆ ಸೋಡಾ ಅರ್ಧ ಚಹಾ ಚಮಚ, ಉಪ್ಪು ಕಾಲು ಚಹಾ ಚಮಚ, ಓಟ್ಸ್ ೧೩೫ ಗ್ರಾಂ, ಚಾಕೊಲೇಟಿನ ತುಣುಕು ೧೪೦ ಗ್ರಾಂ. ಅಂಗಡಿಯ ಬೆಣ್ಣೆಯಲ್ಲಿ ಉಪ್ಪಿದ್ದರೆ ಬೇರೆ ಉಪ್ಪು ಬೇಡ. ಇವನ್ನು ಬಟ್ಟಲಿನಿಂದ ಅಳೆಯುವುದಕ್ಕಿಂತ ತಕ್ಕಡಿಯಲ್ಲಿ ತೂಗುವುದು ಲೇಸು. ಮೈದಾವನ್ನು ಒತ್ತಿ ತುಂಬಿದರೆ ಒಂದು ತೂಕ, ಉದುರಿಸಿ ತುಂಬಿದರೆ ಮತ್ತೊಂದು ತೂಕ ಬರುವುದು.

ಪ್ರತಿಯೊಂದು ಸಾಮಾನಿಗೂ ಒಂದೊಂದು ಕೆಲಸವುಂಟು. ಕಂದು ಸಕ್ಕರೆಯೆಂದರೆ ಕಾಕಂಬಿಯ ಅಂಶವುಳ್ಳ ಸಕ್ಕರೆ. ಕಾಕಂಬಿಯು ನೀರಿನ ಪಸೆಯನ್ನು ಹಿಡಿದಿಡುವುದರಿಂದ ಕುಕ್ಕಿಯು ಮೆದುವಾಗಿರುತ್ತದೆ. ಬಿಳಿ ಸಕ್ಕರೆಯು ಅಂಚನ್ನು ಗರಿಗರಿಯಾಗಿಸುತ್ತದೆ. ಆದುದರಿಂದ ಮೆದುತನ ಬೇಕೆಂಬವರು ಕಂದು ಸಕ್ಕರೆಯನ್ನೇ ಹೆಚ್ಚಾಗಿ ಹಾಕತಕ್ಕದ್ದು. ಕಾಕಂಬಿಯಲ್ಲಿ ತುಸು ಹುಳಿಯ ಗುಣವಿದೆ. ಅದು ಸೋಡಾದೊಡನೆ ಸೇರಿ ಅನಿಲವನ್ನು ಬಿಡುವುದರಿಂದ ಕಣಕವು ಉಬ್ಬುವುದು. ಸೋಡಾ ಬಣ್ಣವನ್ನೂ ತರುತ್ತದೆ. ಆದರೆ ಹೆಚ್ಚಾದರೆ ಸಾಬೂನಿನ ರುಚಿ ಬರುವುದು. ಮೊಟ್ಟೆಯು ಬೆಂದು ಗಟ್ಟಿಯಾಗಿ ಎಲ್ಲವನ್ನೂ ಹಿಡಿದು ನಿಲ್ಲಿಸುತ್ತದೆ.

ಓಟ್ಸಿನಲ್ಲಿ ಬಗೆಗಳುಂಟು. ಕಾಳನ್ನು ಉಕ್ಕಿನ ಅಲಗಿನಿಂದ ಕಡಿದದ್ದು ಈ ಕೆಲಸಕ್ಕೆ ಆಗದು. ಬೆಂದರೂ ನುಚ್ಚಿನಂತೆ ಹಲ್ಲಿಗೆ ಸಿಕ್ಕುವುದು. ಬೇಗ ಬೇಯುವ ಪುಡಿಪುಡಿಯಾದ ಓಟ್ಸು ಕಣಕದಲ್ಲಿ ಕರಗಿಹೋಗಿ ಕುಕ್ಕಿಯು ಕೇಕಿನಂತಾಗುವುದು. ಹಬೆಯಲ್ಲಿ ಬೇಯಿಸಿ ಉರುಳೆಯಲ್ಲಿ ಚಪ್ಪಟೆ ಮಾಡಿದ, ನಮ್ಮ ಅವಲಕ್ಕಿಯನ್ನು ಹೋಲುವ ದಪ್ಪ ಓಟ್ಸೇ ಉತ್ತಮ.

ಚಾಕೊಲೇಟಿನ ವಿಷಯದಲ್ಲಿ ಪೊಟ್ಟಣದ ಮೇಲಿನ ಬರಹವನ್ನು ಓದಿ ಕೊಳ್ಳಬೇಕು. ಕೋಕೋ ಬೆಣ್ಣೆಯ ಬದಲು ಬೇರೆ ಸಸ್ಯದ ಕೊಬ್ಬನ್ನು ಹಾಕಿದ ಅಗ್ಗದ ತುಣುಕುಗಳೂ ಮಾರಾಟವಾಗುತ್ತವೆ. ಅವು ಬಾಯಲ್ಲಿ ಮೇಣದಂತೆ ಉಳಿಯುವುವು. ಕಪ್ಪು ಚಾಕೊಲೇಟಿನ ಹಲಗೆಯನ್ನು ಮನೆಯಲ್ಲಿಯೇ ಕತ್ತರಿಸಿಕೊಂಡರೂ ಸರಿಯೆ.

ಮಾಡುವ ಕ್ರಮ

ಬೆರಳಿನಿಂದ ಒತ್ತಿದರೆ ತಗ್ಗುವಷ್ಟು ಮೆತ್ತಗಿರುವ, ಆದರೆ ಕರಗದ ಬೆಣ್ಣೆಯನ್ನು ಎರಡು ಸಕ್ಕರೆಗಳೊಡನೆ ಎರಡು ಮೂರು ನಿಮಿಷ ಚೆನ್ನಾಗಿ ತಿಕ್ಕಿರಿ. ಬಣ್ಣವು ತಿಳಿಯಾದೊಡನೆ ಮೊಟ್ಟೆಯನ್ನೂ ವೆನಿಲ್ಲಾವನ್ನೂ ಸೇರಿಸಿರಿ. ಮೈದಾ, ಸೋಡಾ, ಉಪ್ಪುಗಳನ್ನು ಬೇರೆಯಾಗಿ ಜರಡಿ ಹಿಡಿದು ಇದಕ್ಕೆ ಹಾಕಿ, ಹಿಟ್ಟು ಕಾಣದಷ್ಟು ಮಾತ್ರ ಕಲಸಿರಿ. ಚಪಾತಿಯ ಹಿಟ್ಟಿನಂತೆ ನಾದಕೂಡದು. ನಾದಿದಷ್ಟೂ ಗೋಧಿಯ ಜಿಗುಟು ಬೆಳೆದು ಕುಕ್ಕಿಯು ಗಡುಸಾಗುವುದು. ಕಡೆಯಲ್ಲಿ ಓಟ್ಸನ್ನೂ ಚಾಕೊಲೇಟನ್ನೂ ಬೆರೆಸಿರಿ.

ಈಗ ಅವಸರಪಡಬಾರದು. ಈ ಕಣಕವನ್ನು ಮುಚ್ಚಿ ಫ್ರಿಜ್ಜಿನಲ್ಲಿ ಕಡಮೆಯೆಂದರೆ ಅರ್ಧ ಗಂಟೆ ಇಡಿರಿ. ಒಂದು ರಾತ್ರಿ ಇಟ್ಟರೆ ಇನ್ನೂ ಮೇಲು. ಅಷ್ಟರಲ್ಲಿ ಓಟ್ಸು ಪಸೆಯನ್ನು ಹೀರಿಕೊಂಡು ಹದವಾಗುವುದು, ಬೆಣ್ಣೆ ಗಟ್ಟಿಯಾಗುವುದು. ತಣ್ಣನೆಯ ಬೆಣ್ಣೆ ನಿಧಾನವಾಗಿ ಕರಗುವುದರಿಂದ ಕುಕ್ಕಿಯು ಹರಡಿಹೋಗದೆ ದಪ್ಪನಾಗಿ ನಿಲ್ಲುವುದು. ನಮ್ಮ ಸೆಕೆಯ ತಿಂಗಳುಗಳಲ್ಲಿ ಈ ಮಾತನ್ನು ಮರೆಯಲೇಬಾರದು.

ಓವನ್ನನ್ನು ೧೭೫ ಡಿಗ್ರಿ ಸೆಂಟಿಗ್ರೇಡಿಗೆ ಇಟ್ಟು ಕಾಲು ಗಂಟೆ ಮೊದಲೇ ಕಾಯಿಸಿರಿ. ಕಣಕವನ್ನು ನಿಂಬೆಹಣ್ಣಿಗಿಂತ ತುಸು ಚಿಕ್ಕದಾದ, ೩೦ ಗ್ರಾಂ ತೂಕದ ಉಂಡೆಗಳನ್ನಾಗಿ ಮಾಡಿ, ಬಟರ್ ಪೇಪರು ಹಾಸಿದ ತಟ್ಟೆಯಲ್ಲಿ ಮೂರು ಬೆರಳಿನ ಅಂತರಕ್ಕೆ ಒಂದರಂತೆ ಇಟ್ಟು ಮೆಲ್ಲಗೆ ಒತ್ತಿರಿ. ೧೦ರಿಂದ ೧೨ ನಿಮಿಷ ಬೇಯಿಸಿದರೆ ಸಾಕು. ಅಂಚು ಹೊಂಬಣ್ಣಕ್ಕೆ ತಿರುಗಿ, ನಡುವು ಇನ್ನೂ ತುಸು ಹಸಿಯಾಗಿರುವಂತೆ ಕಾಣುವಾಗಲೇ ಹೊರಗೆ ತೆಗೆಯಬೇಕು. ಇದೇ ಇಡೀ ವಿದ್ಯೆಯ ಗುಟ್ಟು. ಕಾದ ತಟ್ಟೆಯ ಮೇಲೆ ಐದು ನಿಮಿಷ ಬಿಟ್ಟರೆ ಉಳಿದ ಪಾಕವು ಅದರ ಶಾಖದಿಂದಲೇ ಮುಗಿಯುವುದು. ನಡುವು ಗಟ್ಟಿಯಾಗಲೆಂದು ಓವನ್ನಿನಲ್ಲಿಯೇ ಕಾದವರಿಗೆ ಆರಿದ ಮೇಲೆ ಸಿಕ್ಕುವುದು ಕಲ್ಲುಬಿಲ್ಲೆ.

ಆರಿದ ಕುಕ್ಕಿಗಳನ್ನು ಬಿಗಿಯಾದ ಡಬ್ಬಿಯಲ್ಲಿ ಒಂದು ಬ್ರೆಡ್ಡಿನ ಹೋಳಿನೊಡನೆ ಇಟ್ಟರೆ, ಬ್ರೆಡ್ಡಿನ ಪಸೆಯನ್ನು ಕುಕ್ಕಿಯು ಎಳೆದುಕೊಂಡು ನಾಲ್ಕೈದು ದಿನ ಮೆದುವಾಗಿರುತ್ತದೆ.

ದೋಷ ಮತ್ತು ಪರಿಹಾರ

ಕುಕ್ಕಿಯು ಹರಡಿದರೆ ಬೆಣ್ಣೆ ಕರಗಿತ್ತು, ಇಲ್ಲವೆ ತಟ್ಟೆ ಬಿಸಿಯಾಗಿತ್ತು ಎಂದು ತಿಳಿಯಿರಿ. ಗಡುಸಾದರೆ ಹೊತ್ತು ಮೀರಿತು, ಇಲ್ಲವೆ ಮೈದಾ ಹೆಚ್ಚಾಯಿತು. ಮರಳುಮರಳಾಗಿ ಉದುರಿದರೆ ಬೆಣ್ಣೆಯ ಬದಲು ತುಪ್ಪವನ್ನು ಹಾಕಿರಬಹುದು. ತುಪ್ಪದಲ್ಲಿ ನೀರಿನ ಅಂಶವಿಲ್ಲದುದರಿಂದ ಅದು ನಾನ್‌ಖಟಾಯಿಗೆ ಒಪ್ಪುವುದೇ ಹೊರತು ಇದಕ್ಕೆ ಒಪ್ಪದು. ಹೊಸ ಓವನ್ನಿನಲ್ಲಿ ಮೊದಲು ಎರಡೇ ಉಂಡೆಗಳನ್ನು ಬೇಯಿಸಿ ಹೊತ್ತನ್ನು ಗೊತ್ತುಮಾಡಿಕೊಳ್ಳುವುದು ಜಾಣತನ.

ಮೊಟ್ಟೆಯನ್ನು ಮುಟ್ಟದ ಮನೆಗಳವರು ನಿರಾಶರಾಗಬೇಕಿಲ್ಲ. ಒಂದು ದೊಡ್ಡ ಚಮಚ ಅಗಸೆ ಬೀಜದ ಪುಡಿಯನ್ನು ಮೂರು ದೊಡ್ಡ ಚಮಚ ನೀರಿನಲ್ಲಿ ಹತ್ತು ನಿಮಿಷ ನೆನೆಯಿಟ್ಟರೆ ಲೋಳೆಯಾಗಿ ಮೊಟ್ಟೆಯ ಕೆಲಸವನ್ನು ಮಾಡುವುದು. ಉತ್ತರ ಕರ್ನಾಟಕದ ಅಡಿಗೆಮನೆಗಳಲ್ಲಿ ಚಟ್ನಿಪುಡಿಗೆಂದು ಅಗಸಿ ಇದ್ದೇ ಇರುತ್ತದೆ. ಕಂದು ಸಕ್ಕರೆ ದೊರೆಯದಿದ್ದರೆ ಒಣಗಿದ ಬೆಲ್ಲದ ಪುಡಿಯೂ ಆದೀತು. ಅದರಲ್ಲಿಯೂ ಕಾಕಂಬಿಯ ಅಂಶ ಉಳಿದಿರುತ್ತದಷ್ಟೆ. ಬೇಗ ಕಪ್ಪಾಗುವುದರಿಂದ ಒಂದೆರಡು ನಿಮಿಷ ಮೊದಲೇ ನೋಡಿಕೊಳ್ಳಬೇಕು.

ಎರಡು ಎಚ್ಚರಿಕೆಗಳು

ಹಸಿಯ ಕಣಕವನ್ನು ಮಕ್ಕಳು ಬೆರಳಿನಿಂದ ನೆಕ್ಕುವುದುಂಟು, ಇದನ್ನು ತಡೆಯತಕ್ಕದ್ದು. ಹಸಿ ಮೊಟ್ಟೆಯಲ್ಲಿ ಮಾತ್ರವಲ್ಲ, ಹಸಿ ಮೈದಾದಲ್ಲಿಯೂ ರೋಗಾಣುಗಳಿರಬಹುದು. ೨೦೦೯ರಲ್ಲಿ ಅಮೆರಿಕದ ಅನೇಕ ಸಂಸ್ಥಾನಗಳಲ್ಲಿ, ಅಂಗಡಿಯಿಂದ ತಂದ ಕುಕ್ಕಿಯ ಕಣಕವನ್ನು ಬೇಯಿಸದೆ ತಿಂದವರು ಕಾಯಿಲೆ ಬಿದ್ದರು.

ಎರಡನೆಯದು, ಓಟ್ಸೆಂಬ ಹೆಸರನ್ನು ಕೇಳಿ ಮೋಸಹೋಗದಿರುವುದು. ಓಟ್ಸಿನ ಬೀಟಾ ಗ್ಲೂಕನ್ ಎಂಬ ನಾರು ರಕ್ತದ ಕೊಲೆಸ್ಟರಾಲನ್ನು ತಗ್ಗಿಸುವುದಕ್ಕೆ ನೆರವಾಗುವುದು ನಿಜ. ಅಮೆರಿಕದ ಆಹಾರ ಮತ್ತು ಔಷಧ ಇಲಾಖೆಯವರು ೧೯೯೭ರಲ್ಲಿ, ದಿನಕ್ಕೆ ೩ ಗ್ರಾಂ ಎಂಬ ಪ್ರಮಾಣವನ್ನು ಹೇಳಿ ಇದನ್ನು ಪೊಟ್ಟಣಗಳ ಮೇಲೆ ಬರೆಯಲು ಅನುಮತಿ ಕೊಟ್ಟರು. ಆದರೆ ಲೆಕ್ಕ ಹಾಕಿ ನೋಡಿರಿ: ನಮ್ಮ ಒಂದು ಕುಕ್ಕಿಯಲ್ಲಿ ಓಟ್ಸು ಸುಮಾರು ೬ ಗ್ರಾಂ, ಬೆಣ್ಣೆ ೫ ಗ್ರಾಂ, ಸಕ್ಕರೆ ೭ ಗ್ರಾಂ, ಚಾಕೊಲೇಟಿನದು ಬೇರೆ. ಅಷ್ಟು ನಾರನ್ನು ಇದರಿಂದಲೇ ಪಡೆಯಹೊರಟರೆ ದಿನಕ್ಕೆ ಹತ್ತು ಹನ್ನೆರಡು ಕುಕ್ಕಿಗಳನ್ನು ತಿನ್ನಬೇಕಾಗುವುದು! ಔಷಧಕ್ಕೆ ಓಟ್ಸಿನ ಗಂಜಿಯುಂಟು. ಇದು ಸಂತೋಷದ ತಿನಿಸು. ಮಗುವಿಗೆ ಒಂದು, ಹೆಚ್ಚೆಂದರೆ ಎರಡು ಸಾಕು.

ಮನೆಯಲ್ಲಿ ಮಾಡುವುದರ ಮೇಲ್ಮೆಯೂ ಇಲ್ಲಿಯೇ ಇದೆ. ಅಂಗಡಿಯ ಪೊಟ್ಟಣವನ್ನು ಒಡೆದ ಮಗುವಿಗೆ ಒಳಗೇನಿದೆಯೆಂದು ತಿಳಿಯದು. ತಕ್ಕಡಿಯ ಮುಂದೆ ನಿಂತು ಬೆಣ್ಣೆಯನ್ನೂ ಸಕ್ಕರೆಯನ್ನೂ ತಾನೇ ತೂಗಿದ ಮಗುವಿಗೆ ತಾನು ತಿನ್ನುವುದೇನೆಂಬುದು ತಿಳಿಯುತ್ತದೆ. ಹಿಟ್ಟು ಏಕೆ ಉಬ್ಬಿತು, ಬಣ್ಣ ಏಕೆ ಬಂತು ಎಂಬ ಪ್ರಶ್ನೆಗಳೂ ಹುಟ್ಟುತ್ತವೆ. ಆ ಪ್ರಶ್ನೆಗಳಿಗೆ ಉತ್ತರ ಕೊಡಬಲ್ಲ ಅಡಿಗೆಮನೆಯು ಪಾಠಶಾಲೆಗೆ ಯಾವ ವಿಧದಲ್ಲಿಯೂ ಕಡಮೆಯಾದುದಲ್ಲ.