ನೆಂಟರು ಬಂದರೆ ಮುಚ್ಚಿಡುವ ಸಾರು!

ಸೋದರಿಯರೇ, ಒಂದು ಮಾತು ಕೇಳ್ತೀನಿ, ಮುಚ್ಚುಮರೆ ಮಾಡದೆ ಹೇಳಿ. ಮನೆಮಂದಿಯೆಲ್ಲಾ ಚಪ್ಪರಿಸಿಕೊಂಡು ತಿಂದು, ನೆಂಟರು ಬಂದರೆ ಮಾತ್ರ ಒಳಗೆ ಸರಿಸಿಬಿಡುವ ಅಡಿಗೆ ನಿಮ್ಮಲ್ಲಿ ಯಾವುದು? ಹೊಳೆನರಸೀಪುರದ ನಮ್ಮ ಮನೆಯಲ್ಲಿ ಅದು ಬೆರಕೆ ಸೊಪ್ಪಿನ ಸಾರು.

ಮಳೆ ಬಿದ್ದು ರಾಗಿ ಹೊಲ ಹಸಿರಾಗುವಾಗ ಬದುವಿನಲ್ಲಿ, ಸಾಲಿನ ನಡುವೆ ತಾನಾಗೇ ಹುಟ್ಟುತ್ತವಲ್ಲ, ಅಣ್ಣೆ, ಗೋಣಿ, ಕಿರಕಸಾಲೆ, ಗಣಿಕೆ, ಹೊನಗೊನೆ, ಕನ್ನೆ... ಬಿತ್ತಿದವರಿಲ್ಲ, ನೀರು ಹಾಕಿದವರಿಲ್ಲ. ಕಳೆ ಕೀಳಲು ಹೋದ ಹೆಂಗಸರು ಮಡಿಲು ತುಂಬಿಕೊಂಡು ಬರುತ್ತಿದ್ದರು. ಒಂದೇ ಸೊಪ್ಪಾದರೆ ರುಚಿಯಿಲ್ಲ. ಗೋಣಿಯ ಹುಳಿ, ಕನ್ನೆಯ ಲೋಳೆ, ಗಣಿಕೆಯ ಚೂರು ಕಹಿ ಎಲ್ಲಾ ಸೇರಬೇಕು.

ಒಮ್ಮೆ ಬೆಂಗಳೂರಿನಿಂದ ನಾದಿನಿಯ ಮನೆಯವರು ಹೇಳದೆ ಕೇಳದೆ ಬಂದುಬಿಟ್ಟರು. "ಆ ಸಾರು ಮುಚ್ಚಿಡೇ, ಕಳೆ ಬೇಯ್ಸಿ ಇಕ್ಕಿದ್ರು ಅಂದಾರು. ಬಿರ್‍ರನೆ ಎರಡು ಆಲೂಗೆಡ್ಡೆ ಬೇಯ್ಸು" ಅಂದರು ಅತ್ತೆ. ಆದರೆ ಬೆಳ್ಳುಳ್ಳಿ ಒಗ್ಗರಣೆಯ ಘಮ ಮುಚ್ಚಿಡುವುದು ಹೇಗೆ? ಬಂದ ಹಿರಿಯರು ತಾವೇ ಕೇಳಿ ಹಾಕಿಸಿಕೊಂಡು ಎರಡು ಮುದ್ದೆ ಉಂಡರು. ಆಲೂಗೆಡ್ಡೆ ಪಲ್ಯ ಹಾಗೇ ಉಳಿಯಿತು!

ಮಾಡುವುದು ಸುಲಭ. ಅರ್ಧ ಪಾವು ತೊಗರಿಬೇಳೆ ಮುಕ್ಕಾಲು ಬೆಂದ ಮೇಲೆ, ಮೂರ್ನಾಲ್ಕು ನೀರಿನಲ್ಲಿ ತೊಳೆದ ನಾಲ್ಕು ಬೊಗಸೆ ಸೊಪ್ಪು, ಹಸಿಮೆಣಸಿನಕಾಯಿ, ಈರುಳ್ಳಿ, ಎರಡು ಟೊಮ್ಯಾಟೊ ಹಾಕಿ ಬೇಯಿಸಿ. ಕಟ್ಟು ಬಸಿದು ಬೇರೆ ಇಟ್ಟು, ಉಳಿದದ್ದನ್ನು ನುಣ್ಣಗೆ ಮಸೆದು, ಕಟ್ಟು ಬೆರೆಸಿ ಉಪ್ಪು ಹಾಕಿ ಕುದಿಸಿ. ಬೆಳ್ಳುಳ್ಳಿ ಜಜ್ಜಿ ಒಗ್ಗರಣೆ ಕೊಡಿ. ಹುಣಿಸೆ ನೋಡಿಕೊಂಡು ಹಾಕಿ, ಗೋಣಿಸೊಪ್ಪು ಮೊದಲೇ ಹುಳಿ.

ಅರಕಲಗೂಡಿನ ಕಡೆ ಕೊಟ್ಟ ನಮ್ಮಕ್ಕನ ಮನೆಯಲ್ಲಿ ಮಳೆಗಾಲ ಅಂದರೆ ಏಡಿ ಸಾರು. ಗದ್ದೆಯ ಏಡಿಯ ಕಾಲುಗಳನ್ನು ಒರಳಲ್ಲಿ ಕುಟ್ಟಿ, ರಸ ಸೋಸಿ ಮಾಡ್ತಾರೆ. ನನಗೆ ಇವತ್ತಿಗೂ ಗಂಟಲಲ್ಲಿ ಇಳಿಯೋದಿಲ್ಲ, ಸುಳ್ಳೇಕೆ! ತವರು ಚನ್ನರಾಯಪಟ್ಟಣದ ಕಡೆ. ಅಲ್ಲಿ ತಂಗಳು ಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚಿ, ಹಸಿ ಈರುಳ್ಳಿ ಕಚ್ಚಿಕೊಂಡು ಕುಡಿದರೇ ಬೆಳಗಾದಂತೆ. ಅದೇ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಕಟ್ಟುನಿಟ್ಟಾದ ಜೈನರು ಈರುಳ್ಳಿ, ಬೆಳ್ಳುಳ್ಳಿಯನ್ನೂ ಮುಟ್ಟರು. ಹಾಸನ ಜಿಲ್ಲೆಗೆ ಹೆಸರು ತಂದ ಆಲೂಗೆಡ್ಡೆಯನ್ನೂ ಮುಟ್ಟರು. ಒಬ್ಬರಿಗೆ ನಿತ್ಯದ್ದು ಇನ್ನೊಬ್ಬರಿಗೆ ವಿಚಿತ್ರ, ನಗುವುದೇಕೆ?

ಬೆರಕೆ ಸೊಪ್ಪಿನ ವಿಷಯಕ್ಕೆ ಮತ್ತೆ ಬರ್ತೀನಿ, ಹೇಳಲೇಬೇಕಾದ್ದು ಇದೆ. ಈಗ ಶುಂಠಿ, ಮುಸುಕಿನ ಜೋಳದ ಹೊಲಗಳಿಗೆ ಕಳೆನಾಶಕ ಸಿಂಪಡಿಸುತ್ತಾರೆ. ಹೋದ ವರ್ಷ ನಾನು ಗೊತ್ತಿಲ್ಲದೆ ಒಂದು ಬದುವಿನಲ್ಲಿ ಕಿತ್ತು ತಂದೆ. ಮನೆಗೆ ಬಂದು ಸೋಸುವಾಗ ಎಲೆಗಳ ಅಂಚು ಸುಟ್ಟಂತೆ ಹಳದಿಯಾಗಿದ್ದು ಕಂಡು ಎದೆ ಧಸಕ್ಕೆಂದಿತು. ವಿಚಾರಿಸಿದರೆ, ನಾಲ್ಕು ದಿನದ ಹಿಂದೆ ಔಷಧಿ ಹೊಡೆದಿದ್ದರಂತೆ! ಎಲ್ಲಾ ತಿಪ್ಪೆಗೆ ಸುರಿದೆ. ಈಗ ಹೊಲದವರನ್ನು ಕೇಳದೆ ಒಂದು ಕುಡಿಯನ್ನೂ ಚಿವುಟೋದಿಲ್ಲ. ಉಮ್ಮತ್ತಿಯ ಎಳೆ ಸಸಿ ಸೊಪ್ಪಿನ ಜೊತೆ ಸೇರದಂತೆಯೂ ನೋಡಿ, ಅದು ವಿಷ. ತಿಂದು ಬಾಯಿ ಒಣಗಿ ಮಾತು ತೊದಲಿದರೆ ಮನೆಮದ್ದು ಮಾಡುತ್ತಾ ಕೂರದೆ ಆಸ್ಪತ್ರೆಗೆ ಓಡಿ. ಗಣಿಕೆಯ ಹಸಿರು ಕಾಯಿಯೂ ಬೇಡ. ಗುರುತು ಸಿಗದ ಎಲೆಯನ್ನು ಎಸೆದುಬಿಡಿ.

ಗುರುತು ಅಂದೆನಲ್ಲ... ನಮ್ಮತ್ತೆಗೆ 18 ಬಗೆ ಸೊಪ್ಪು ಗೊತ್ತಿತ್ತು. ನನಗೆ 9. ಹಾಸನದಲ್ಲಿ ಕಾಲೇಜು ಓದುವ ಮಗಳಿಗೆ 3. ಸಂತೆಯಲ್ಲಿ ಕಟ್ಟು ಲೆಕ್ಕದಲ್ಲಿ ಕೊಂಡರೆ ಹೆಸರು ಯಾಕೆ ಬೇಕು ಅಂತಾಳೆ. ಈ ಸಲ ರಜಕ್ಕೆ ಬಂದಾಗ ಇಬ್ಬರೂ ಹೊಲಕ್ಕೆ ಹೋಗಿ, ಒಂದೊಂದು ಎಲೆಯನ್ನೂ ಹಳೇ ನೋಟುಬುಕ್ಕಿನಲ್ಲಿ ಒತ್ತಿಟ್ಟು ಹೆಸರು ಬರೆದೆವು. 5 ಎಲೆಗಳ ಹೆಸರು ನನಗೂ ಹೊಳೆಯಲಿಲ್ಲ. ಹಿಂದಿನ ಬೀದಿಯಲ್ಲಿ ಒಬ್ಬರು ಅಜ್ಜಿ ಇದ್ದಾರೆ, ಕಣ್ಣು ಮಂಜು. ಮೂಸಿ ನೋಡಿ ಹೇಳ್ತಾರಂತೆ. ನಾಳೆ ಬೆಳಿಗ್ಗೆ ಹಸೀ ಎಲೆಗಳನ್ನೇ ಕಿತ್ತುಕೊಂಡು ಹೋಗ್ತೀವಿ.