ವೆಲ್ಸ್ ಕಾದಂಬರಿಯ ಮಂಗಳವಾಸಿಗಳು ಹಿಂದೆ ಮನುಷ್ಯರಂತೆಯೇ ಇದ್ದರೇ?

ಎಚ್.ಜಿ. ವೆಲ್ಸ್ ಅವರ ‘ದಿ ವಾರ್ ಆಫ್ ದಿ ವರ್ಲ್ಡ್ಸ್’ ಪುಸ್ತಕವಾಗಿ ಬಂದದ್ದು 1898ರಲ್ಲಿ. ಅದರಲ್ಲಿ ಇಂಗ್ಲೆಂಡಿನ ಮೇಲೆ ದಾಳಿ ಮಾಡುವ ಮಂಗಳವಾಸಿಗಳ ಪೂರ್ವಜರು ಯಾರು ಎಂಬ ಚರ್ಚೆ ಅಭಿಮಾನಿಗಳಲ್ಲಿ ಇನ್ನೂ ಮುಗಿದಿಲ್ಲ.

ಕಾದಂಬರಿಯಲ್ಲಿ ಏನಿದೆ?

ಅವರ ಮೈಯೆಂದರೆ ದೊಡ್ಡದೊಂದು ತಲೆ, ಕೈಗಳಂತೆ ಬಳಸುವ 16 ಬಳ್ಳಿಯಂಥ ಅಂಗಗಳು. ಹೊಟ್ಟೆಯಿಲ್ಲ, ನಿದ್ದೆಯಿಲ್ಲ, ಬೇರೆ ಜೀವಿಗಳ ರಕ್ತವೇ ಆಹಾರ. ಇವರ ಪೂರ್ವಜರು ನಮ್ಮಂತೆಯೇ ಇದ್ದು, ಮಿದುಳು ಮತ್ತು ಕೈ ಬೆಳೆದಂತೆ ಉಳಿದ ದೇಹ ಕುಗ್ಗಿರಬಹುದು ಎನ್ನುತ್ತಾನೆ ಕಥೆಯ ನಿರೂಪಕ. ಇದು ಅವನ ಊಹೆ ಮಾತ್ರ. ಆದರೆ 1893ರಲ್ಲೇ ವೆಲ್ಸ್ ಹತ್ತು ಲಕ್ಷ ವರ್ಷಗಳ ನಂತರದ ಮನುಷ್ಯನನ್ನು ಹೆಚ್ಚುಕಡಿಮೆ ಹೀಗೆಯೇ ಚಿತ್ರಿಸಿದ್ದರು. ಹಾಗಾಗಿ ಈ ವಾದಕ್ಕೆ ಬಲವಿದೆ.

ಮಂಗಳವಾಸಿಗಳು ದಾರಿಯ ಆಹಾರಕ್ಕೆಂದು ತಂದಿದ್ದ ಎರಡು ಕಾಲಿನ ಜೀವಿಗಳು ಅವರದೇ ಸಂಬಂಧಿಗಳೇ? ಕಾದಂಬರಿ ಹಾಗೆ ಹೇಳುವುದಿಲ್ಲ.

ವಿಜ್ಞಾನ ಏನು ಹೇಳುತ್ತದೆ?

ವಿಕಾಸಕ್ಕೆ ಗುರಿ ಎಂಬುದಿಲ್ಲ. ಬಳಸದಿದ್ದ ಮಾತ್ರಕ್ಕೆ ಅಂಗ ಮಾಯವಾಗುವುದಿಲ್ಲ. ಅದಿಲ್ಲದವರೂ ಬದುಕಿ ಮರಿ ಹಾಕುವಂತಿದ್ದರೆ ಮಾತ್ರ ತಲೆಮಾರುಗಳಲ್ಲಿ ಅದು ಕ್ಷೀಣಿಸಬಹುದು. ಕತ್ತಲ ಗುಹೆಯ ಕುರುಡು ಮೀನುಗಳೇ ಉದಾಹರಣೆ. ಮಿದುಳು ದೊಡ್ಡದಾಗುವುದೂ ಪುಕ್ಕಟೆಯಲ್ಲ. ನಮ್ಮ ತೂಕದ ಸುಮಾರು 2% ಇರುವ ಮಿದುಳು, ವಿಶ್ರಾಂತಿಯಲ್ಲಿದ್ದಾಗಲೂ ದೇಹದ ಶಕ್ತಿಯ ಸುಮಾರು 20% ಬಳಸುತ್ತದೆ.

‘ಭವಿಷ್ಯದ ಮನುಷ್ಯ ಹೀಗಿರುತ್ತಾನೆ’ ಎಂದು ದೊಡ್ಡ ತಲೆ, ಸಣಕಲು ಮೈಯ ಚಿತ್ರ ನಿಮ್ಮ ವಾಟ್ಸಾಪ್‌ಗೆ ಬಂದರೆ ನೆನಪಿರಲಿ: ಅದು ನೂರು ವರ್ಷಕ್ಕೂ ಹಳೆಯ ಕಲ್ಪನೆ. ಕಥೆಯಾಗಿ ಹಂಚಿಕೊಳ್ಳಿ, ವಿಜ್ಞಾನವೆಂದು ಬೇಡ.